ಹಿಂದಕ್ಕೆ ತಿರುಗಿಸಿದ ತಾರೀಖು

ಕಂಪ್ಯೂಟರು ಕೆಟ್ಟಿಲ್ಲ, ಹಾಗಂತ ಸರಿಯಾಗೂ ಇಲ್ಲ ಎಂದು ಒಡಹುಟ್ಟಿದ ತಮ್ಮ ತೀರ್ಪು ಕೊಟ್ಟಾಗ, ಬೀದಿಗೆಲ್ಲ ಪರದೆ ಹೊಲಿದುಕೊಡುವ ಹೊಲಿಗೆಯಕ್ಕನಿಗೆ ಕೈಯಲ್ಲಿದ್ದ ಟೀಯನ್ನು ಅವನ ಬೋಳುತಲೆಯ ಮೇಲೇ ಸುರಿದುಬಿಡೋಣ ಅನ್ನಿಸಿತು. ಇಷ್ಟು ಹೇಳುವುದಕ್ಕೆ ಇವನು ಬೆಳಗಿನಿಂದ ಮೇಜಿನ ಕೆಳಗೆ ತಲೆ ತೂರಿಸಿಕೊಂಡು ಕೂತಿರಬೇಕಿತ್ತೆ? ಇದು ಅವಳಿಗೆ ಹೋದ ವಾರವೇ ಗೊತ್ತಾಗಿತ್ತು.

ತಮ್ಮ ಫ್ರಿಜ್ ರಿಪೇರಿ ಮಾಡುವವನು. ಗೋಡೆಗೆ ಪ್ಲಗ್ ಸಿಕ್ಕಿಸುವಂಥ ಯಾವ ವಸ್ತುವಾದರೂ ತನ್ನ ಸರಹದ್ದಿನೊಳಗೇ ಬರುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. ಯಾವ ರೋಗಕ್ಕೂ ಅವನ ಹತ್ತಿರ ಒಂದೇ ಮದ್ದು. ಆಫ್ ಮಾಡು, ಸ್ವಲ್ಪ ಹೊತ್ತು ಬಿಡು, ಆನ್ ಮಾಡು. ಆಗಲೂ ಏಳದಿದ್ದರೆ ಪಕ್ಕೆಗೊಂದು ಗುದ್ದು. ಫ್ರಿಜ್ಜುಗಳು ಈ ಮರ್ಯಾದೆಗೆ ಬಗ್ಗುತ್ತಿದ್ದವೋ ಏನೋ, ಈ ಕಂಪ್ಯೂಟರು ಬಗ್ಗಲಿಲ್ಲ. ಗುದ್ದಿದಾಗ ಒಳಗಿನ ಫ್ಯಾನು ಕೆಮ್ಮಿದಂತೆ ಸದ್ದು ಮಾಡಿ ಮತ್ತೆ ತನ್ನ ಪಾಡಿಗೆ ತಿರುಗತೊಡಗಿತು.

"ಗುದ್ದಬೇಡ್ವೋ! ಒಳಗೆ ನಿನ್ನ ಭಾವನ ದನಿ ಇದೆ," ಎಂದಳು ಅವಳು.

ಈ ಮಾತು ಹೊರಗಿನವರಿಗೆ ಹುಚ್ಚಿಯ ಮಾತಿನ ಹಾಗೆ ಕೇಳಿಸೀತು. ಆದರೆ ಅದು ಅಕ್ಷರಶಃ ನಿಜವಾಗಿತ್ತು. ಅವಳ ಗಂಡ ರೈಲು ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವನು. ಯಾವ ಗಾಡಿ ಬಂತು, ಯಾವುದು ತಡ, ಯಾವುದು ಇನ್ನೇನು ಹೊರಟೇಬಿಟ್ಟಿತು ಎಂಬುದನ್ನೆಲ್ಲ ಅವನ ಬಾಯಿಂದ ಕೇಳಿದ ಮೇಲೇ ಊರಿನ ಜನ ನಂಬುತ್ತಿದ್ದುದು. ಅವನ ತಾಯಿಯಂತೂ, "ನನ್ನ ಮಗ ಹೇಳದೆ ಒಂದು ಗಾಡೀನೂ ಕದಲಲ್ಲ," ಎಂದು ಕಂಡಕಂಡವರ ಮುಂದೆ ಜಂಭ ಕೊಚ್ಚುತ್ತಿದ್ದಳು. ಆಮೇಲೆ ಗಂಟಲಲ್ಲಿ ಗಡ್ಡೆ ಬಂತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಅದೇ ವಾರ್ಡಿನ ಪಕ್ಕದ ಹಾಸಿಗೆಯ ಮೇಷ್ಟರೊಬ್ಬರು ಒಂದು ಉಪಾಯ ಹೇಳಿಕೊಟ್ಟರು: ಒಂದು ಸಾಫ್ಟ್‌ವೇರ್ ಇದೆ, ದನಿ ಇರುವಾಗಲೇ ಅದರ ಮುಂದೆ ಕೂತು ಅದು ಕೊಟ್ಟ ವಾಕ್ಯಗಳನ್ನು ಓದಿದರೆ, ಮುಂದೆ ನೀವು ಏನು ಟೈಪ್ ಮಾಡಿದರೂ ಅದು ನಿಮ್ಮ ದನಿಯಲ್ಲೇ ಹೇಳುತ್ತದೆ ಅಂತ.

ಹಾಗೇ ಆಯಿತು. ಆಪರೇಷನ್ನಿನ ಹಿಂದಿನ ದಿನ ಅವನು ಇದೇ ಕೋಣೆಯಲ್ಲಿ, ಇದೇ ಮೇಜಿನ ಮುಂದೆ ಕೂತು ತಲೆಬುಡವಿಲ್ಲದ ವಾಕ್ಯಗಳನ್ನು ಓದಿದ. ನೀಲಿ ಕೊಡೆ ಮೇಜಿನ ಕೆಳಗಿದೆ. ನಾಳೆ ಹುಡುಗರು ಚೆಂಡು ತರುತ್ತಾರೆ. ಅವಳು ಬಿಸಿನೀರು ತಂದುಕೊಡುತ್ತ, ಹೊಲಿಗೆ ಯಂತ್ರ ತುಳಿದರೆ ಸದ್ದಾಗುತ್ತದೆಂದು ಕೈಯಲ್ಲೇ ಅಂಚು ಹೊಲಿಯುತ್ತ ಕೂತಿದ್ದಳು. ಸಂಜೆಗೆ ಓದು ಮುಗಿಯಿತು. ಆಮೇಲೆ ಅವನು ಅವಳಿಗೆಂದು ಏನಾದರೂ ಒಳ್ಳೆಯ ಮಾತು ಹೇಳುತ್ತಾನೆಂದು ಅವಳು ಕಾದಳು. ಅವನು, "ಆ ಲೈಟು ಆರಿಸ್ತೀಯಾ, ಕಣ್ಣು ಉರಿಯುತ್ತೆ," ಎಂದ. ಅವನ ಬಾಯಿಂದ ಅವಳು ಕೇಳಿದ ಕೊನೆಯ ಮಾತು ಅದೇ. ಅದನ್ನು ನೆನೆದರೆ ಅವಳಿಗೆ ಈಗಲೂ ಸಿಟ್ಟು ಬರುತ್ತದೆ, ಆ ಸಿಟ್ಟಿನ ಬೆನ್ನಿಗೇ ಅಳು.

ತಾಯಿಗೆ ಮಾತ್ರ ವಿಷಯ ಹೇಳಲಿಲ್ಲ. ಅವಳಿರುವುದು ದೂರದ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ. ಹೃದಯ ಸೂಕ್ಷ್ಮ, ಆಘಾತ ಕೊಡಬೇಡಿ ಎಂದಿದ್ದರು ಅಲ್ಲಿನವರು. ಆದ್ದರಿಂದ ವಾರವಾರವೂ ಫೋನಿನಲ್ಲಿ ಒಂದು ನಾಟಕ ನಡೆಯುತ್ತಿತ್ತು. ಗಂಡ ವಾರವಿಡೀ ಯೋಚಿಸಿ ಒಂದು ಬೆರಳಿನಲ್ಲಿ ಟೈಪ್ ಮಾಡಿಟ್ಟ ಮಾತನ್ನು ಕಂಪ್ಯೂಟರು ಅವನ ದನಿಯಲ್ಲಿ ಹೇಳುತ್ತಿತ್ತು. ಹೊಲಿಗೆಯಕ್ಕ ಸ್ಪೀಕರಿಗೆ ಫೋನಿನ ರಿಸೀವರನ್ನು ಒತ್ತಿ ಹಿಡಿದುಕೊಂಡು ನಿಲ್ಲುತ್ತಿದ್ದಳು. ನಡುವೆ ಅತ್ತೆ ಏನಾದರೂ ಕೇಳಿದರೆ ಇವಳು ರಿಸೀವರ್ ಕಿತ್ತುಕೊಂಡು, "ಲೈನ್ ಸರಿ ಇಲ್ಲ ಅತ್ತೆ," ಎಂದುಬಿಡುತ್ತಿದ್ದಳು. ಹೇಗೋ ನಡೆದುಕೊಂಡು ಹೋಗುತ್ತಿತ್ತು.

ಹೋದ ತಿಂಗಳ ಕೊನೆಗೆ ಆ ಮನೆಯವರು ಅಲ್ಲಿನ ಫೋನನ್ನೇ ಕಿತ್ತುಹಾಕಿದರು. ಇನ್ನು ಮೇಲೆ ಮುಖ ನೋಡಿಕೊಂಡೇ ಮಾತಾಡಿ, ನಾವು ಕಳಿಸುವ ಕೊಂಡಿಯನ್ನು ಬ್ರೌಸರಿನಲ್ಲಿ ತೆರೆದರೆ ಸಾಕು ಅಂದರು. ಸಾಕಂತೆ! ಹೋದ ವಾರ ಕೊಂಡಿ ಒತ್ತಿದರೆ ತೆರೆದುಕೊಂಡದ್ದು ಕೆಂಪು ಬಣ್ಣದ ಒಂದು ಪುಟ: ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ. ಹೊಲಿಗೆಯಕ್ಕ ಹೌದಲ್ಲ ಎಂದುಕೊಂಡು ಎದ್ದು ಬಾಗಿಲು ಹಾಕಿ, ಕಿಟಕಿಯ ಪರದೆಗಳನ್ನೆಲ್ಲ ಎಳೆದು, ಮತ್ತೆ ಒತ್ತಿದಳು. ಆಗಲೂ ಖಾಸಗಿಯಾಗಿಲ್ಲ. ಪರದೆ ತೆಳುವಾಯಿತೇನೋ ಎಂದು ದಪ್ಪನೆಯದನ್ನು ತಂದು ಅದರ ಮೇಲೊಂದು ನೇತುಹಾಕಿದಳು. ಬೀದಿಯ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಡುವವಳ ಮನೆ ಖಾಸಗಿಯಾಗಿಲ್ಲವೆಂದರೆ ಇನ್ನಾರ ಮನೆ ಆದೀತು? ಮಾರನೆಯ ದಿನ ಅತ್ತೆಯನ್ನು ನೋಡಿಕೊಳ್ಳುವ ದಾದಿ ತನ್ನ ಮೊಬೈಲಿನಿಂದ ಫೋನ್ ಮಾಡಿ ಹೇಳಿದಳು: ಅಜ್ಜಿ ತಲೆ ಬಾಚಿಸಿಕೊಂಡು ಬಂದು ಇಡೀ ಗಂಟೆ ಕಪ್ಪು ಸ್ಕ್ರೀನಿನ ಮುಂದೆ ಕೂತಿದ್ದರು, ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ, ಈ ವಾರವೂ ಮಗ ಬಾರದಿದ್ದರೆ ಇನ್ನು ಆ ಕೋಣೆಗೇ ಬರಲ್ಲ ಅಂತಿದ್ದಾರೆ.

ಈ ವಾರ ಅತ್ತೆಯೊಂದಿಗೆ ಮಾತಾಡುವ ಗಂಟೆ ಇವತ್ತು ಮಧ್ಯಾಹ್ನ. ಗಂಡ, ಆಪರೇಷನ್ನಿನಲ್ಲಿ ಉಸಿರಾಟಕ್ಕೆಂದು ಗಂಟಲಿನಲ್ಲಿ ಕೊರೆದ ರಂಧ್ರವನ್ನು ಸ್ವಚ್ಛ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದ. ಅವನು ಬರುವಷ್ಟರಲ್ಲಿ ಆ ಕೆಂಪು ಪುಟವನ್ನು ಹೇಗಾದರೂ ಮಾಡಿ ಓಡಿಸಬೇಕು. ಅದಕ್ಕೇ ತಮ್ಮನನ್ನು ಕರೆಸಿದ್ದು.

"ಅಕ್ಕಾ, ಬ್ರೌಸರು ಮುದಿಯಾಗಿದೆ. ಹೊಸದು ಹಾಕ್ಬೇಕು," ಎಂದು ತಮ್ಮ ಅಂಗಡಿಯಿಂದ ತಂದಿದ್ದ ಪೆನ್‌ಡ್ರೈವ್ ಚುಚ್ಚಿದ. ಹೊಸದು ಒಳಗೆ ಬರಲೊಲ್ಲೆ ಎಂದಿತು. ನಿಮ್ಮ ಕಂಪ್ಯೂಟರು ಹಳೆಯದು, ನನ್ನ ಯೋಗ್ಯತೆಗೆ ತಕ್ಕದ್ದಲ್ಲ ಎಂಬರ್ಥದ ಮಾತನ್ನು ಬಹಳ ನಯವಾಗಿ ಹೇಳಿ ಕಿಟಕಿ ಮುಚ್ಚಿಕೊಂಡಿತು. ತಮ್ಮ ಅಷ್ಟು ಹೊಸದಲ್ಲದ ಇನ್ನೊಂದನ್ನು ಹಾಕಿದ. ಅದು ಜಾಗ ಸಾಲದು ಎಂದಿತು.

"ಏನಾದ್ರೂ ತೆಗೆದುಹಾಕ್ಲಾ?"

"ಏನು ತೆಗೀತೀಯ?"

"ಬೇಡದ್ದು."

"ಬೇಡದ್ದು ಯಾವುದು ಅಂತ ನಿನಗೆ ಹೇಗೆ ಗೊತ್ತು?"

ಅವನು ಒಂದೊಂದು ಪ್ರೋಗ್ರಾಮಿನ ಹೆಸರನ್ನೂ ಗಟ್ಟಿಯಾಗಿ ಓದಿದ, ಅವಳು ಒಂದೊಂದಕ್ಕೂ ಬೇಡ ಮುಟ್ಟಬೇಡ ಎಂದಳು. ಒಂದು ಅರ್ಥವಾಗದ ಹೆಸರು ಬಂದಾಗಲೆಲ್ಲ ಗಂಡನ ದನಿ ಅಡಗಿರುವುದು ಅದರಲ್ಲೇ ಇರಬೇಕು ಎಂದು ಅವಳಿಗೆ ಗಾಬರಿ. ಕೊನೆಗೆ ಯಾರೂ ಆಡದ ಇಸ್ಪೀಟಿನ ಆಟವೊಂದನ್ನು ಬಲಿ ಕೊಟ್ಟರು. ಬ್ರೌಸರು ಒಳಗೆ ಬಂದು ಕೂತಿತು. ಕೊಂಡಿ ಒತ್ತಿದರೆ ಅದೇ ಕೆಂಪು ಪುಟ.

"ಹಿಸ್ಟರಿ ಅಳಿಸಿ ನೋಡೋಣ," ಎಂದ ತಮ್ಮ.

"ಯಾರ ಹಿಸ್ಟರಿ?"

"ಬ್ರೌಸರಿಂದು ಕಣೇ."

"ಇದೀಗ ತಾನೇ ಬಂದಿದೆ ಅದು. ಅದಕ್ಕೆಲ್ಲಿಯ ಹಿಸ್ಟರಿ?"

ತಮ್ಮ ತಲೆ ಕೆರೆದುಕೊಂಡ. ಮಾತು ನ್ಯಾಯವಾಗಿತ್ತು. ಆದರೂ ಅಳಿಸಿದ. ಸೆಟ್ಟಿಂಗ್ಸಿಗೆ ಹೋಗಿ ಆನ್ ಇದ್ದದ್ದನ್ನೆಲ್ಲ ಆಫ್ ಮಾಡಿದ, ಆಫ್ ಇದ್ದದ್ದನ್ನು ಆನ್ ಮಾಡಿದ, ಆಮೇಲೆ ಮೊದಲು ಯಾವುದು ಹೇಗಿತ್ತು ಎಂಬುದು ಮರೆತುಹೋಗಿ ಇಬ್ಬರೂ ಜಗಳವಾಡಿದರು. ಕ್ಯಾಮೆರಾಕ್ಕೆ ಅನುಮತಿ ಕೊಡಲೇ ಎಂದು ಅದು ಕೇಳಿತು, ಕೊಟ್ಟರು. ಮೈಕಿಗೆ ಕೇಳಿತು, ಕೊಟ್ಟರು. ನೀವು ಎಲ್ಲಿದ್ದೀರೆಂದು ತಿಳಿಯಲೇ ಎಂದಿತು. "ಮನೆಯಲ್ಲೇ ಇದೀವಲ್ಲ, ಕಾಣಲ್ವಾ?" ಎಂದು ರೇಗಿದಳು ಹೊಲಿಗೆಯಕ್ಕ. ಬಟ್ಟೆಗೆ ಹಾಕುವ ಕ್ಲಿಪ್ಪಿನಿಂದ ಸ್ಕ್ರೀನಿನ ನೆತ್ತಿಗೆ ಕಚ್ಚಿಸಿದ್ದ ಕ್ಯಾಮೆರಾ ಅವಳನ್ನೇ ಪಿಳಿಪಿಳಿ ನೋಡುತ್ತಿತ್ತು.

ಆಗ ತಮ್ಮ ಕೆಂಪು ಪುಟದ ತಳದಲ್ಲಿದ್ದ ಸಣ್ಣಕ್ಷರವನ್ನು ಒತ್ತಿದ. ಹೊಸ ಬ್ರೌಸರು ಹಳೆಯದಕ್ಕಿಂತ ವಾಚಾಳಿ, ಕಾರಣ ಹೇಳುತ್ತಿತ್ತು. ನಿಮ್ಮ ಕಂಪ್ಯೂಟರಿನ ಗಡಿಯಾರ ಬಹಳ ಹಿಂದೆ ಇರುವಂತಿದೆ.

ತಮ್ಮ ಮೂಲೆಯಲ್ಲಿದ್ದ ತಾರೀಖಿನ ಮೇಲೆ ಬೆರಳಿಟ್ಟ. "ಅಯ್ಯೋ! ಇದು ಯಾವ ಕಾಲದ ತಾರೀಖೇ? ಇಷ್ಟು ಹಿಂದಿದ್ರೆ ಯಾವ ವೆಬ್‌ಸೈಟು ತಾನೇ ಇದನ್ನ ನಂಬುತ್ತೆ? ಒಂದು ನಿಮಿಷ ತಾಳು, ಸರಿ ಮಾಡ್ತೀನಿ."

"ಬೇಡ," ಎಂದಳು ಹೊಲಿಗೆಯಕ್ಕ.

ಅವಳ ದನಿ ಕೇಳಿ ತಮ್ಮ ತಿರುಗಿ ನೋಡಿದ. "ಯಾಕೆ?"

ಆ ತಾರೀಖು ಅವಳಿಗೆ ಗೊತ್ತಿತ್ತು. ಅದು ಆಪರೇಷನ್ನಿನ ಹಿಂದಿನ ದಿನದ್ದು. ಕಂಪ್ಯೂಟರು ತಾನಾಗಿಯೇ ಅಲ್ಲಿ ನಿಂತಿರಲಿಲ್ಲ. ಒಂದು ಬೆಳಿಗ್ಗೆ ಅವಳು ಟೀ ತಂದಾಗ, ಗಂಡ ಕಂಪ್ಯೂಟರು ಹಚ್ಚಿದ ಕೂಡಲೇ ತಾರೀಖನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸುತ್ತಿದ್ದುದನ್ನು ಬೆನ್ನ ಹಿಂದಿನಿಂದ ನೋಡಿದ್ದಳು. ಆ ದಿನಕ್ಕೆ ತಂದು ನಿಲ್ಲಿಸಿ, ಉಸಿರು ಬಿಟ್ಟು, ಆಮೇಲೆ ಕೆಲಸ ಶುರು ಮಾಡಿದ್ದ. ಇವತ್ತೂ ಆಸ್ಪತ್ರೆಗೆ ಹೊರಡುವ ಮುಂಚೆ ಹಾಗೇ ತಿರುಗಿಸಿಟ್ಟಿರಬೇಕು. ಅವಳು ಟೀ ಹಿಡಿದುಕೊಂಡು ಸದ್ದಿಲ್ಲದೆ ಅಡುಗೆಮನೆಗೆ ವಾಪಸು ಹೋಗಿದ್ದಳು. ಮಾತು ಬಾಯಲ್ಲಿದ್ದ ಕೊನೆಯ ದಿನವನ್ನು ಬಿಡಲಾರದೆ ಮನುಷ್ಯ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಕೂರುತ್ತಾನೆ ಎಂದು ತಿಳಿದುಕೊಂಡಿದ್ದಳು. ಕೇಳಿದರೆ ಅವನು ಈಗ ಮಾತಿನ ಬದಲು ಇಟ್ಟುಕೊಂಡಿರುವ ಸ್ಲೇಟಿನ ಮೇಲೆ ಉತ್ತರ ಬರೆಯಬೇಕಾಗುತ್ತದೆ. ಅಂಥದ್ದನ್ನು ಬರೆಸುವಷ್ಟು ಕಲ್ಲುಮನಸ್ಸು ಅವಳದಲ್ಲ. ಮೇಜು ಒರೆಸುವಾಗಲೂ ಆ ಮೂಲೆಯ ಕಡೆ ನೋಡದೆ ಒರೆಸುತ್ತಿದ್ದಳು.

ಇದನ್ನೆಲ್ಲ ಫ್ರಿಜ್ ರಿಪೇರಿಯವನಿಗೆ ಹೇಗೆ ಹೇಳುವುದು?

"ನಿನ್ನ ಭಾವನಿಗೆ ಅದು ಹಾಗೇ ಇರ್ಬೇಕು," ಎಂದಳು.

"ತಾರೀಖು ಹಿಂದೆ ಇರ್ಬೇಕಾ? ಭಾವನಿಗೇನಾದ್ರೂ..." ತಮ್ಮ ತಲೆಯ ಪಕ್ಕ ಬೆರಳು ತಿರುಗಿಸಹೋಗಿ ಅಕ್ಕನ ಮುಖ ನೋಡಿ ನಿಲ್ಲಿಸಿದ. "ನೋಡಕ್ಕ, ತಾರೀಖು ಮುಂದಕ್ಕೆ ಬಂದ್ರೆ ಅವರಮ್ಮ ಕಾಣ್ತಾರೆ. ಹಿಂದೇನೇ ಇದ್ರೆ ಕಾಣಲ್ಲ. ನೀನೇ ಹೇಳು, ಯಾವುದು?"

ಹೊಲಿಗೆಯಕ್ಕ ನಿಂತಲ್ಲೇ ತಬ್ಬಿಬ್ಬಾದಳು. ಒಂದು ಕಡೆ ತಲೆ ಬಾಚಿಸಿಕೊಂಡು ಕೂತ ಅತ್ತೆ, ಇನ್ನೊಂದು ಕಡೆ ಗಂಡ ಎದೆಗವಚಿಕೊಂಡ ಆ ದಿನ. ಅವನನ್ನು ಕೇಳೋಣವೆಂದರೆ ಅವನು ಆಸ್ಪತ್ರೆಯಲ್ಲಿ. ಒಂದೇ ಒಂದು ಸಲ, ಅತ್ತೆಯ ಗಂಟೆ ಮುಗಿಯುವವರೆಗೆ ಮುಂದಕ್ಕೆ ತಂದು, ಆಮೇಲೆ ತಾನೇ ಆ ದಿನಕ್ಕೆ ತಿರುಗಿಸಿ ಇಟ್ಟುಬಿಟ್ಟರೆ? ಅವನಿಗೆ ತಿಳಿಯುವುದೂ ಇಲ್ಲ. ಹೀಗೆ ಲೆಕ್ಕ ಹಾಕಿ, ಕಣ್ಣು ಬೇರೆ ಕಡೆ ಮಾಡಿಕೊಂಡು, "ಮಾಡು," ಎಂದಳು.

ತಮ್ಮ ತಾರೀಖು ತಿದ್ದಿದ. ಕೊಂಡಿ ಒತ್ತಿದ. ಕೆಂಪು ಪುಟ ಮಾಯವಾಗಿ, ಶಾಂತವಾದ ಬಿಳಿ ಪುಟವೊಂದು ತೆರೆದು, ಅದರ ನಡುವೆ ಅವರಿಬ್ಬರದೇ ಮುಖಗಳು ಕಂಡವು. ಇಬ್ಬರ ಮುಖವೂ ಇಂಗು ತಿಂದ ಮಂಗನ ಹಾಗಿತ್ತು. ತಮ್ಮ ಕ್ಯಾಮೆರಾದ ಕಡೆ ಕೈ ಬೀಸಿ ತನಗೆ ತಾನೇ ಟಾಟಾ ಮಾಡಿಕೊಂಡ. ಹೊಲಿಗೆಯಕ್ಕನಿಗೂ ಬಹಳ ದಿನದ ಮೇಲೆ ನಗು ಬಂತು.

ಗಂಡ ಬಂದಾಗ ಗಂಟೆ ಹತ್ತಿರವಾಗಿತ್ತು. ಕೊರಳಿಗೆ ಅವಳೇ ಪರದೆಯ ತುಂಡಿನಿಂದ ಹೊಲಿದ ಹಸಿರು ಬಟ್ಟೆ ಸುತ್ತಿಕೊಂಡಿದ್ದ. ತೆರೆದ ಪುಟವನ್ನು ಕಂಡು ಮುಖ ಅರಳಿತು. ಮೈದುನನ ಬೆನ್ನು ತಟ್ಟಿದ. ಬೇರೆ ಅಂಗಿ ಹಾಕಿಕೊಂಡು, ಕುರ್ಚಿ ಎಳೆದು ಕೂತು, ವಾರವಿಡೀ ಟೈಪ್ ಮಾಡಿಟ್ಟಿದ್ದ ಮಾತುಗಳಿಗಾಗಿ ದನಿಯ ಸಾಫ್ಟ್‌ವೇರನ್ನು ತೆರೆದ.

ಒಂದು ಸಣ್ಣ ಚೌಕ ಎದ್ದು ಬಂತು. ನಿಮ್ಮ ಪ್ರಯೋಗದ ಅವಧಿ ಮುಗಿದಿದೆ.

ಅವನು ಚೌಕವನ್ನು ಮುಚ್ಚಿ ಮತ್ತೆ ತೆರೆದ. ಮುಗಿದಿದೆ. ಅವನ ಕಣ್ಣು ಥಟ್ಟನೆ ಮೂಲೆಯ ತಾರೀಖಿಗೆ ಹೋಯಿತು. ಅಲ್ಲಿಂದ ಹೆಂಡತಿಯ ಮುಖಕ್ಕೆ ಬಂತು. ಅವಳು ಅಷ್ಟು ವರ್ಷದ ಸಂಸಾರದಲ್ಲಿ ಆ ನೋಟವನ್ನು ಕಂಡಿರಲಿಲ್ಲ.

"ನಾನೇ ಮಾಡು ಅಂದೆ," ಎಂದಳು ಅವಳು ಅವಸರವಸರವಾಗಿ. "ಗಂಟೆ ಮುಗಿದ ಮೇಲೆ ಮತ್ತೆ ಅಲ್ಲಿಗೇ ತಿರುಗಿಸೋಣ ಅಂತಿದ್ದೆ. ಆ ದಿನ ನಿಮಗೆ ಎಷ್ಟು ಮುಖ್ಯ ಅಂತ ನನಗೆ ಗೊತ್ತು. ಗೊತ್ತಿದ್ದೂ ಮಾಡಿದೆ, ಅತ್ತೆಗೋಸ್ಕರ."

ಗಂಡ ಏನೂ ಅರ್ಥವಾಗದವನಂತೆ ಕಣ್ಣು ಕಣ್ಣು ಬಿಟ್ಟ. ಸ್ಲೇಟು ಎಳೆದುಕೊಂಡು ಬರೆದ: ಯಾವ ದಿನ?

"ಆಪರೇಷನ್ನಿನ ಹಿಂದಿನ ದಿನ. ನೀವು ದಿನಾ ಅಲ್ಲಿಗೆ ಹೋಗ್ತಿದ್ರಲ್ಲ."

ಅವನು ಸ್ಲೇಟು ಒರೆಸಿ, ಬರೆದು, ಒರೆಸಿ, ಮತ್ತೆ ಬರೆದ: ಅದು ಪುಕ್ಕಟೆ ಸಾಫ್ಟ್‌ವೇರ್. ಒಂದು ತಿಂಗಳಿಗಷ್ಟೇ. ತಾರೀಖು ಹಿಂದಿಟ್ಟರೆ ಮುಗಿಯಲ್ಲ ಅಂತ ಮೇಷ್ಟರು ಹೇಳಿಕೊಟ್ಟರು. ಒರೆಸಿದ. ಕೊಂಡುಕೊಳ್ಳೋಣ ಅನ್ನುವಷ್ಟರಲ್ಲಿ ಆ ಕಂಪನಿಯೇ ಮುಚ್ಚಿತು. ಒರೆಸಿದ. ಕೊನೆಗೆ ಸಣ್ಣಕ್ಷರದಲ್ಲಿ ಬರೆದ: ಟಿಕೆಟ್ ಇಲ್ಲದ ಪ್ರಯಾಣ. ನಿನಗೆ ಹೇಳೋಕೆ ನಾಚಿಕೆ ಆಯ್ತು.

ಹೊಲಿಗೆಯಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೀವಮಾನವಿಡೀ ಪ್ಲಾಟ್‌ಫಾರಂ ಟಿಕೆಟ್ ಇಲ್ಲದೆ ಹೆಂಡತಿಯನ್ನೂ ನಿಲ್ದಾಣದೊಳಗೆ ಬಿಡದಿದ್ದ ಮನುಷ್ಯ. ಅವಳು ಇಷ್ಟು ದಿನ ಮುಟ್ಟಲು ಹೆದರಿದ ದುಃಖದ ಜಾಗದಲ್ಲಿ ಇದ್ದದ್ದು ಇದೊಂದು ಪುಟ್ಟ ಕಳ್ಳತನ!

"ಭಾವ, ಚಿಂತೆ ಬೇಡ. ಹಿಂದಕ್ಕೆ ತಿರುಗಿಸಿದ್ರಾಯ್ತು," ಎಂದು ತಮ್ಮ ನಡುವೆ ನುಗ್ಗಿ ತಾರೀಖನ್ನು ಹಿಂದಿನ ಜಾಗಕ್ಕೆ ತಂದ. ಬ್ರೌಸರು ತಕ್ಷಣ ಕೆಂಪಾಯಿತು. ದನಿಯ ಸಾಫ್ಟ್‌ವೇರ್ ತೆರೆದರೆ ಈ ಸಲ ಬೇರೆಯೇ ಚೌಕ: ನಿಮ್ಮ ಗಡಿಯಾರವನ್ನು ಬದಲಿಸಲಾಗಿದೆ, ಆದ್ದರಿಂದ ಇದನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಒಮ್ಮೆ ಇವತ್ತಿನ ತಾರೀಖನ್ನು ಕಂಡದ್ದೇ ತಡ, ಅದಕ್ಕೆ ಇವರ ಗುಟ್ಟೆಲ್ಲ ತಿಳಿದುಹೋಗಿತ್ತು. ತಮ್ಮ ಆಫ್ ಮಾಡಿದ. ಸ್ವಲ್ಪ ಹೊತ್ತು ಬಿಟ್ಟ. ಆನ್ ಮಾಡಿದ. ಗುದ್ದಲು ಎತ್ತಿದ ಕೈಯನ್ನು ತಾನೇ ಕೆಳಗಿಳಿಸಿದ. ತಾರೀಖನ್ನು ಮುಂದಕ್ಕೆ ತಂದ, ಬ್ರೌಸರು ಬಂತು, ದನಿ ಬರಲಿಲ್ಲ. ಹಿಂದಕ್ಕೆ, ಮತ್ತೆ ಮುಂದಕ್ಕೆ. ಯಾವ ದಿನಕ್ಕೆ ಹೋದರೂ ಅಲ್ಲಿ ದನಿ ಇರಲಿಲ್ಲ.

ಗಂಡ ಕೈಯಾಡಿಸಿ ಸಾಕು ಎಂದ. ಸ್ಲೇಟಿನಲ್ಲಿ, ಬರಲ್ಲ ಅಂತ ಹೇಳಿಬಿಡಿ, ಎಂದು ಬರೆದು ಕುರ್ಚಿಯಿಂದ ಏಳಹೋದ. ಏಳುವಷ್ಟರಲ್ಲಿ ಸ್ಕ್ರೀನಿನಿಂದ ಗಂಟೆಯಂಥ ಸದ್ದು ಬಂತು. ಹೇಗೆ ನಿಲ್ಲಿಸುವುದೆಂದು ಯಾರಿಗೂ ಗೊತ್ತಿರಲಿಲ್ಲ. ತಮ್ಮ ಏನನ್ನೋ ಒತ್ತಿದ. ಅದು ಒತ್ತಬಾರದ್ದು. ಅತ್ತೆಯ ಮುಖ ಸ್ಕ್ರೀನ್ ತುಂಬ ಬಂದು ನಿಂತಿತು.

"ಬಂದ! ನೋಡಿದ್ಯಾ, ಬಂದಿದಾನೆ," ಎಂದಳು ಅತ್ತೆ ಪಕ್ಕದಲ್ಲಿದ್ದ ದಾದಿಗೆ. ಬಿಳಿಕೂದಲನ್ನು ಒಪ್ಪವಾಗಿ ಬಾಚಿತ್ತು. ಸ್ಕ್ರೀನಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು. "ಎಷ್ಟು ಇಳಿದುಹೋಗಿದೀಯೋ! ಮಾತಾಡೋ."

ಗಂಡ ಬಾಯಿ ತೆರೆದ. ಅಷ್ಟು ದಿನ ಆಗಿದ್ದರೂ ತಾಯಿಯ ಮುಖ ಕಂಡಾಗ ಅವನ ಬಾಯಿಗೆ ತನ್ನಲ್ಲಿ ದನಿ ಇಲ್ಲವೆಂಬುದೇ ಮರೆತುಹೋಗಿತ್ತು. ತುಟಿ ಆಡಿತು, ಏನೂ ಬರಲಿಲ್ಲ.

"ಮೈಕ್ ಕೆಟ್ಟಿದೆ ಅಮ್ಮಾ! ಸೆಟ್ಟಿಂಗ್ ಪ್ರಾಬ್ಲಮ್ಮು!" ಎಂದು ತಮ್ಮ ಪಕ್ಕದಿಂದ ಕೂಗಿದ.

"ನಿಮ್ಮ ಮಾತು ಕೇಳಿಸ್ತಾ ಇದೆಯಲ್ಲ," ಎಂದಳು ದಾದಿ ಗೊಂದಲದಿಂದ. "ಅವರದ್ದು ಮಾತ್ರ ಕೇಳ್ತಿಲ್ಲ. ಕೆಳಗಡೆ ಮೈಕಿನ ಚಿತ್ರ ಇದೆಯಾ? ಅದರ ಮೇಲೆ ಅಡ್ಡಗೆರೆ ಇದೆಯಾ ನೋಡಿ. ಅವರನ್ನ ಇನ್ನೂ ಹತ್ತಿರ ಬಂದು ಮಾತಾಡೋಕೆ ಹೇಳಿ."

ತಮ್ಮ ಇಲ್ಲದ ಗೆರೆಯನ್ನು ಹುಡುಕತೊಡಗಿದ. ದಾದಿ ಅಲ್ಲಿಂದ ಒಂದಾದ ಮೇಲೊಂದು ಸಲಹೆ ಕೊಟ್ಟಳು. ಕೆಟ್ಟೇ ಇರದ ಮೈಕನ್ನು ಎರಡೂ ಊರಿನವರು ಸೇರಿ ರಿಪೇರಿ ಮಾಡುತ್ತಿದ್ದರು. ಗಂಡ ಕಲ್ಲಿನ ಹಾಗೆ ಕೂತಿದ್ದ.

"ಸುಮ್ನಿರಿ ಎಲ್ಲರೂ," ಎಂದಳು ಅತ್ತೆ. "ಮಗಾ, ನನ್ನ ಮಾತು ನಿನಗೆ ಕೇಳಿಸ್ತಾ?"

ಅವನು ತಲೆ ಆಡಿಸಿದ.

ಅತ್ತೆ, "ರಾತ್ರಿ ನಿದ್ದೆ ಬರ್ತಿದೆಯಾ?" ಎಂದು ಕೇಳಿದಳು.

ಅವನು ತಲೆ ಆಡಿಸಿದ.

"ನನ್ನ ಮೇಲೆ ಕೋಪಾನಾ?"

ಅವನು ಬೆಚ್ಚಿಬಿದ್ದು, ಇಲ್ಲ ಇಲ್ಲ ಎಂದು ಎರಡೂ ಕೈಯಾಡಿಸಿದ.

"ಮತ್ತೆ ಯಾಕೋ ಇಷ್ಟು ದಿನ ಹಾಗೆ ಮಾಡ್ದೆ?" ಎಂದಳು ಅತ್ತೆ. "ಫೋನಲ್ಲಿ ನಿನ್ನ ಪಾಡಿಗೆ ನೀನು ಹೇಳ್ತಾ ಹೋಗ್ತಿದ್ದೆ. ಚೆನ್ನಾಗೇ ಹೇಳ್ತಿದ್ದೆ. ನಾನು ಏನಾದ್ರೂ ಕೇಳಿದ್ರೆ ಮಾತ್ರ ಒಂದು ದಿನಾನೂ ಉತ್ತರ ಇಲ್ಲ. ಕೇಳಿದ್ದೊಂದು, ನೀನು ಹೇಳೋದು ಇನ್ನೊಂದು. ನಿನ್ನ ಹೆಂಡತಿ ಲೈನ್ ಸರಿ ಇಲ್ಲ ಅನ್ನೋಳು. ಲೈನ್ ಚೆನ್ನಾಗೇ ಇರೋದು, ನನಗೇನು ಗೊತ್ತಾಗಲ್ವಾ? ಅಮ್ಮನ ಜೊತೆ ಮಾತಾಡೋಕೆ ಇವನಿಗೆ ಇಷ್ಟ ಇಲ್ಲ, ಕರ್ತವ್ಯ ಅಂತ ಮಾಡ್ತಾನೆ ಅಂದ್ಕೊಂಡೆ. ನಾನೇನು ತಪ್ಪು ಮಾಡಿದೆ ಅಂತ ಯೋಚನೆ ಮಾಡಿ ಮಾಡಿ ಸಾಕಾಯ್ತು."

ಆ ದನಿಯನ್ನು ಕಾಪಾಡಲು ತಾವು ಪಟ್ಟ ಪಾಡೆಲ್ಲ ಹೊಲಿಗೆಯಕ್ಕನ ಕಣ್ಣ ಮುಂದೆ ಬಂತು. ಪ್ರತಿ ವಾರವೂ ರಿಸೀವರ್ ಹಿಡಿದು ಆ ಮುದುಕಿಯ ಬಾಯಿ ಮುಚ್ಚಿಸಿದ್ದು ತಾನೇ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡೇ ಮುಚ್ಚಿಸಿದ್ದಳು. ಅವಳಿಗೆ ನಾಚಿಕೆಯಾಯಿತು, ಹೇಳಿಕೊಳ್ಳಲಾರದಷ್ಟು ನಾಚಿಕೆ.

"ಅತ್ತೆ, ಮೈಕ್ ಕೆಟ್ಟಿಲ್ಲ," ಎಂದು ಅವಳು ಮುಂದೆ ಬಂದಳು. "ಅವರಿಗೆ..."

ಗಂಡ ಅವಳ ಕೈ ಹಿಡಿದು ತಡೆದ. ತಾನೇ ಕೊರಳಿನ ಹಸಿರು ಬಟ್ಟೆಯ ಗಂಟು ಬಿಚ್ಚಿ, ಅದನ್ನು ತೊಡೆಯ ಮೇಲಿಟ್ಟುಕೊಂಡು, ಗಲ್ಲ ಎತ್ತಿ, ಗಂಟಲಿನ ರಂಧ್ರ ಕಾಣುವಂತೆ ಕ್ಯಾಮೆರಾದ ಮುಂದೆ ಕೂತ.

ಅತ್ತೆ ನೋಡಿದಳು. ದಾದಿ ಅವಳ ಭುಜ ಹಿಡಿದುಕೊಂಡಳು. ಅತ್ತೆಗೆ ಏನೂ ಆಗಲಿಲ್ಲ. ಅವಳು ಕೈ ಚಾಚಿ, ಆ ಊರಿನ ಸ್ಕ್ರೀನಿನ ಮೇಲೆ ಮಗನ ಕೊರಳಿರುವಲ್ಲಿ ಬೆರಳಿಟ್ಟಳು. ಇಲ್ಲಿ ಕಂಡದ್ದು ಅವಳ ಅಂಗೈ ಮಾತ್ರ, ದೊಡ್ಡದಾಗಿ, ಮಸುಕಾಗಿ.

"ನೋಯುತ್ತಾ?"

ಇಲ್ಲ ಎಂದು ತಲೆ ಅಲ್ಲಾಡಿಸಿದ.

"ಆಗ ಫೋನಲ್ಲಿ ಮಾತಾಡ್ತಿದ್ದೋನು ಯಾರು?"

ಅವನು ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ತೋರಿಸಿದ. ಅತ್ತೆಗೆ ಅದೇನೂ ಅರ್ಥವಾಗಲಿಲ್ಲ. ಅರ್ಥವಾಗಬೇಕೆಂದು ಅವಳೇನೂ ಪಟ್ಟು ಹಿಡಿಯಲೂ ಇಲ್ಲ. ಕಣ್ಣು ಒರೆಸಿಕೊಂಡು, ಕುರ್ಚಿಯನ್ನು ಇನ್ನೂ ಹತ್ತಿರ ಎಳೆಸಿಕೊಂಡು ಕೂತಳು.

"ಇರ್ಲಿ. ಊಟ ಸೇರುತ್ತಾ?"

ಹೊಲಿಗೆಯಕ್ಕನಿಗೆ ಇದರ ಉತ್ತರ ಗೊತ್ತಿತ್ತು. ವಾರವಾರವೂ ಆ ಪೆಟ್ಟಿಗೆ, ನಾನು ಚೆನ್ನಾಗಿದ್ದೇನೆ ಅಮ್ಮ, ಊಟ ಚೆನ್ನಾಗಿ ಸೇರುತ್ತಿದೆ, ಎಂದು ನಿಲ್ದಾಣದ ಗತ್ತಿನಲ್ಲಿ ಹೇಳುತ್ತಿತ್ತು. ಅವಳು ತಟ್ಟೆ ಇಟ್ಟು ಕೇಳಿದಾಗ ಸ್ಲೇಟೂ, ಚೆನ್ನಾಗಿದೆ, ಎಂದೇ ಹೇಳುತ್ತಿತ್ತು.

ಗಂಡ ತಾಯಿಯ ಮುಖವನ್ನೇ ನೋಡುತ್ತಿದ್ದ. ಆಮೇಲೆ ನಿಧಾನವಾಗಿ, ಶಾಲೆಯಿಂದ ಬಂದ ಹುಡುಗನ ಹಾಗೆ, ಇಲ್ಲ ಎಂದು ತಲೆ ಅಲ್ಲಾಡಿಸಿದ.

"ನನಗೂ ಸೇರಲ್ಲ ಕಣೋ," ಎಂದಳು ಅತ್ತೆ.